ನೀವಿಲ್ಲೇ ಕೂತಿರಿ, ನಾವು ನೋಡಿಕೊಂಡು ಬರ್ತೀವಿ



"ನೀವಿಲ್ಲೇ ಕೂತಿರಿ, ನಾವು ನೋಡಿಕೊಂಡು ಬರ್ತೀವಿ." ಮಂಡಿನೋವಿನವರು, ಪಾರ್ಶ್ವವಾಯು ಬಡಿದು ಒಂದು ಮಗ್ಗುಲಿಗೆ ಬಲ ಕಡಿಮೆಯಾದವರು, ಚಿಕ್ಕಂದಿನಲ್ಲಿ ಪೋಲಿಯೊ ಬಂದವರು, ನಾಲ್ಕು ಹೆಜ್ಜೆಗೆ ಏದುಸಿರು ಬರುವವರು ಪ್ರವಾಸಕ್ಕೆ ಹೋದಾಗ ಕೇಳಿಯೇ ಕೇಳುವ ಮಾತು ಇದು. ಹೇಳುವವರು ಮನೆಯವರೇ. ಅದರಲ್ಲಿ ಪ್ರೀತಿಯೂ ಇರುತ್ತದೆ, ಕಾಳಜಿಯೂ ಇರುತ್ತದೆ. ಮರದ ನೆರಳು ನೋಡಿ ಕೂರಿಸುತ್ತಾರೆ, ನೀರಿನ ಬಾಟಲಿ ಕೊಡುತ್ತಾರೆ, ಎಲ್ಲರ ಚಪ್ಪಲಿ, ಬ್ಯಾಗು ಪಕ್ಕದಲ್ಲಿಟ್ಟು ಮೆಟ್ಟಿಲು ಹತ್ತುತ್ತಾರೆ. ಒಂದು ಗಂಟೆ ಬಿಟ್ಟು ಬಂದು ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. ಅಷ್ಟು ದೂರ ಬಸ್ಸಿನಲ್ಲಿ, ರೈಲಿನಲ್ಲಿ ಕಾಲು ಇಳಿಬಿಟ್ಟುಕೊಂಡು ಬಂದ ಆ ಹಿರಿಯರು ಅಲ್ಲಿಯವರೆಗೆ ನೋಡಿದ್ದು ಟಿಕೆಟ್ ಕೌಂಟರನ್ನು ಮತ್ತು ಎಳನೀರಿನ ಗಾಡಿಯನ್ನು.

ಇವತ್ತು ನಾನು ಮಾತಾಡಬೇಕೆಂದಿರುವುದು ಹಾಗೆ ಕೂತವರ ಬಗ್ಗೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ಹಂಪಿ, ಬಾದಾಮಿ, ಬೇಲೂರುಗಳಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಬೆಟ್ಟ ಹತ್ತಿಸಿದವಳು. ಈಗ ನನ್ನ ಎರಡೂ ಮಂಡಿಗಳು ಸವೆದಿವೆ, ಕೈಯಲ್ಲಿ ಕೋಲಿದೆ. ಸಮತಟ್ಟು ನೆಲದಲ್ಲಿ ನಿಧಾನವಾಗಿ ನಡೆಯುತ್ತೇನೆ. ಮೆಟ್ಟಿಲು ಹತ್ತಬಲ್ಲೆ, ಇಳಿಯುವುದು ಕಷ್ಟ. ಮಂಡಿನೋವಿದ್ದವರಿಗೆಲ್ಲ ಇದು ಗೊತ್ತು, ಹತ್ತುವಾಗಿನ ನೋವಿಗಿಂತ ಇಳಿಯುವಾಗಿನ ನೋವು ಹೆಚ್ಚು. ಈ ಸ್ಥಿತಿಯಲ್ಲೂ ತಂಗಿಯ ಜೊತೆ ನಾನು ಹಳೆಯ ಊರುಗಳಿಗೆ ಹೋಗುವುದನ್ನು ಬಿಟ್ಟಿಲ್ಲ. ಕಾಲಿಗೆ ಬಲವಿಲ್ಲದವರು ಚರಿತ್ರೆಯ ಜಾಗಗಳಿಂದ ದೂರ ಉಳಿಯಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಎಲ್ಲಿಗೆ, ಯಾವ ಹೊತ್ತಿಗೆ, ಎಷ್ಟು ದೂರ ಎಂಬ ಲೆಕ್ಕ ಮೊದಲೇ ಹಾಕಬೇಕು. ಆ ಲೆಕ್ಕಕ್ಕೆ ಬೇಕಾದ ವಿವರವನ್ನು ಜಾಗ ನೋಡಿಕೊಳ್ಳುವವರು ಕೊಡಬೇಕು.

ಬಾದಾಮಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಬಾದಾಮಿ ಎಂದರೆ ಎಲ್ಲರೂ "ಅಯ್ಯೋ, ಮೆಟ್ಟಿಲು" ಅನ್ನುತ್ತಾರೆ. ನಿಜ, ನಾಲ್ಕು ಗುಹೆಗಳು ಒಂದಕ್ಕಿಂತ ಒಂದು ಎತ್ತರದಲ್ಲಿವೆ. ಮೆಟ್ಟಿಲುಗಳೂ ಒಂದೇ ಸಮನಾಗಿಲ್ಲ, ಒಂದು ಗೇಣುದ್ದ, ಇನ್ನೊಂದು ಮೊಳದುದ್ದ. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಶಕವರ್ಷ 500, ಅಂದರೆ ಕ್ರಿ.ಶ. 578ರದ್ದು. ಅದನ್ನು ನೋಡಬೇಕೆಂದರೆ ಹತ್ತಲೇಬೇಕು, ಬೇರೆ ದಾರಿಯಿಲ್ಲ. ಆದರೆ ಮೊದಲನೆಯ ಗುಹೆ ಕೆಳಗೇ ಇದೆ, ನಲವತ್ತರ ಆಸುಪಾಸು ಮೆಟ್ಟಿಲು. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಪಕ್ಕದಲ್ಲಿ ಒಬ್ಬರ ಭುಜ ಹಿಡಿದುಕೊಂಡರೆ ಅನೇಕರು ಅಲ್ಲಿಯವರೆಗೆ ಹೋಗಬಲ್ಲರು. ಬಾದಾಮಿಯ ಅತ್ಯಂತ ದೊಡ್ಡ ಸಂಪತ್ತುಗಳಲ್ಲೊಂದು ಆ ಗುಹೆಯ ಹೊರಗೆ, ಬಲಗಡೆಯ ಬಂಡೆಯ ಮುಖದಲ್ಲೇ ಇದೆ. ಹದಿನೆಂಟು ತೋಳುಗಳ ನಟರಾಜ.

ಎಳೆಯರು ಅಲ್ಲಿ ಎರಡು ನಿಮಿಷ ನಿಂತು, ಫೋಟೊ ತೆಗೆದುಕೊಂಡು, ಮೇಲಿನ ಗುಹೆಗೆ ಓಡುತ್ತಾರೆ. ನಾನು ಎದುರಿಗೆ ಮಡಚುವ ಸ್ಟೂಲು ಹಾಕಿಕೊಂಡು ಕೂತೆ. ಆಗ ಆ ಕೈಗಳನ್ನು ಒಂದೊಂದಾಗಿ ನೋಡಲು ಸಾಧ್ಯವಾಯಿತು. ಬಲಗಡೆಯ ಒಂದು ಕೈಯನ್ನೂ ಎಡಗಡೆಯ ಒಂದು ಕೈಯನ್ನೂ ಜೋಡಿ ಮಾಡಿ ನೋಡಿದರೆ ಒಂದು ಭಂಗಿ. ಅದೇ ಬಲಗೈಗೆ ಎಡಗಡೆಯ ಬೇರೆ ಕೈ ಸೇರಿಸಿ ನೋಡಿದರೆ ಇನ್ನೊಂದು ಭಂಗಿ. ಹೀಗೆ ಬಲದ ಒಂಬತ್ತು, ಎಡದ ಒಂಬತ್ತು ಸೇರಿ ಎಂಬತ್ತೊಂದು ಭಂಗಿ ಕಾಣುತ್ತವೆ ಎಂದು ಅಲ್ಲಿಯ ಮಾರ್ಗದರ್ಶಿಗಳು ಹೇಳುತ್ತಾರೆ. ಅದನ್ನು ಕಣ್ಣಲ್ಲಿ ಹಿಡಿಯಬೇಕಾದರೆ ಸಮಯ ಬೇಕು. ಪಕ್ಕದಲ್ಲಿ ಗಣಪತಿ, ನಂದಿ, ಮದ್ದಳೆ ಬಾರಿಸುವವನು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಕೆಂಪು ಮರಳುಗಲ್ಲಿನಲ್ಲಿ ಬೆರಳುಗಳ ಗೆರೆಗಳೂ ಎದ್ದು ಕಾಣುತ್ತವೆ. ತಂಗಿ ನಾಲ್ಕೂ ಗುಹೆ ನೋಡಿ ಇಳಿದು ಬಂದು, "ಅಕ್ಕ, ಇನ್ನೂ ಇದನ್ನೇ ನೋಡ್ತಾ ಇದ್ದೀಯಾ?" ಅಂದಳು. ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದೆ. ಅಲ್ಲಿಂದ ಇಳಿದು, ವಾಹನದಲ್ಲಿ ಅಗಸ್ತ್ಯತೀರ್ಥದ ಆಚೆ ದಡದ ವಸ್ತುಸಂಗ್ರಹಾಲಯದ ಕಡೆಗೆ ಹೋದರೆ, ಕೆರೆಯ ದಂಡೆಯಲ್ಲಿ ಭೂತನಾಥ ಗುಡಿಯತ್ತ ಹೋಗುವ ದಾರಿ ಹೆಚ್ಚುಕಡಿಮೆ ಸಮತಟ್ಟು. ಅಲ್ಲಿ ಕೂತು ಎದುರಿನ ಬೆಟ್ಟ ನೋಡಿದರೆ ಚಾಲುಕ್ಯರು ಈ ಜಾಗವನ್ನೇ ರಾಜಧಾನಿಗೆ ಏಕೆ ಆರಿಸಿದರು ಎಂಬುದು ಯಾರೂ ಹೇಳಿಕೊಡದೆಯೂ ತಿಳಿಯುತ್ತದೆ.

ಕೂತು ನೋಡುವುದು ಎಂದೆ. ನಮ್ಮ ಹಳೆಯ ಶಿಲ್ಪಿಗಳು ಕೂರುವವರನ್ನು ಮರೆತವರಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಯ ಮುಖಮಂಟಪಕ್ಕೆ ಹೋಗಿ ನೋಡಿ, ಅಂಚಿನುದ್ದಕ್ಕೂ ಕಲ್ಲಿನ ಆಸನ, ಬೆನ್ನಿಗೆ ಓರೆಯಾಗಿ ನಿಲ್ಲಿಸಿದ ಕಲ್ಲಿನ ಒರಗು. ಅದಕ್ಕೆ ಕಕ್ಷಾಸನ ಎಂದು ಹೆಸರು. ಮುಂದೆ ಹೊಯ್ಸಳರ ತೆರೆದ ಮಂಟಪಗಳಲ್ಲೂ ಅದು ಬಂತು. ಬೆನ್ನು ಸ್ವಲ್ಪ ಹಿಂದಕ್ಕೆ ಬಾಗುವಂತೆ ಕೆತ್ತಿದ ಅಂಥ ಆಸನ ಇಂದಿನ ಎಷ್ಟೋ ಬಸ್ ನಿಲ್ದಾಣಗಳಲ್ಲಿ ಸಿಗುವುದಿಲ್ಲ. ಯಾತ್ರೆಯ ದಾರಿಯಲ್ಲಿ ಮಂಟಪ, ಕಟ್ಟೆ, ಹೊರೆ ಇಳಿಸಿಕೊಳ್ಳಲು ಹೊರೆಗಲ್ಲು, ಇವೆಲ್ಲ ದಣಿದವರಿಗಾಗಿ ಮಾಡಿದ ವ್ಯವಸ್ಥೆಗಳು. ಇವತ್ತು ಸ್ಮಾರಕಗಳ ಸುತ್ತ ಹಸಿರು ಹುಲ್ಲು ಬೆಳೆಸಿದ್ದೇವೆ, ಬೇಲಿ ಹಾಕಿದ್ದೇವೆ, ಆದರೆ ಗೇಟಿನಿಂದ ಗುಡಿಯವರೆಗಿನ ಉದ್ದದ ದಾರಿಯಲ್ಲಿ ಒಂದು ಬೆಂಚು ಹಾಕುವುದನ್ನು ಎಷ್ಟೋ ಕಡೆ ಮರೆತಿದ್ದೇವೆ. ನಡುವೆ ಐದು ನಿಮಿಷ ಕೂರಲು ಜಾಗವಿದ್ದರೆ ಇನ್ನೂರು ಹೆಜ್ಜೆ ನಡೆಯುವವರು ನಾನೂರು ಹೆಜ್ಜೆ ನಡೆಯುತ್ತಾರೆ.

ಹೊಯ್ಸಳರ ಗುಡಿಗಳಲ್ಲಿ ತೊಡಕು ಬೇರೆ ಬಗೆಯದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮೂರರಲ್ಲೂ ಗುಡಿ ನಿಂತಿರುವುದು ಜಗತಿಯ ಮೇಲೆ. ಜಗತಿ ಎಂದರೆ ನೆಲದಿಂದ ಎತ್ತರಿಸಿದ, ಗುಡಿಯ ನಕ್ಷತ್ರಾಕಾರವನ್ನೇ ಅನುಸರಿಸುವ ಕಲ್ಲಿನ ಕಟ್ಟೆ. ಭಕ್ತರು ಅದರ ಮೇಲೆಯೇ ಪ್ರದಕ್ಷಿಣೆ ಮಾಡುತ್ತಾ ಗೋಡೆಯ ಶಿಲ್ಪ ನೋಡಬೇಕೆಂಬುದು ಅದರ ಉದ್ದೇಶ. ಅಂದರೆ ಅಂಗಳದಲ್ಲಿ ನಿಂತವರಿಗೆ ಶಿಲ್ಪ ದೂರ, ಜಗತಿ ಹತ್ತಿದವರಿಗೆ ಅಂಗೈ ದೂರ. ಆ ಕೆಲವೇ ಮೆಟ್ಟಿಲು ಇಡೀ ದರ್ಶನವನ್ನು ತೀರ್ಮಾನಿಸುತ್ತವೆ. ನೀವು ಒಂದು ದಿನದಲ್ಲಿ ಎಷ್ಟು ಮೆಟ್ಟಿಲು ಹತ್ತಬಲ್ಲಿರೋ ಅವುಗಳಲ್ಲಿ ಇವಕ್ಕೆ ಮೊದಲ ಪಾಲು ಇಡಿ ಎಂದು ನಾನು ಹೇಳುತ್ತೇನೆ. ಬೇರೆ ಎಲ್ಲಿಯಾದರೂ ಉಳಿಸಿಕೊಳ್ಳಿ.

ಹತ್ತಿದ ಮೇಲೆ, ಮತ್ತೆ ಕೂರಿ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಿವೆ. ತೀರಾ ಕೆಳಗೆ ಆನೆಗಳು, ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು, ರಾಮಾಯಣ ಮಹಾಭಾರತದ ಕಥೆಗಳು, ಮಕರಗಳು, ಹಂಸಗಳು. ನಿಂತು ನಡೆಯುವವರ ಕಣ್ಣು ದೊಡ್ಡ ದೊಡ್ಡ ದೇವತಾಮೂರ್ತಿಗಳ ಮೇಲೆ ಬೀಳುತ್ತದೆ, ಕೆಳಗಿನ ಸಾಲುಗಳನ್ನು ನೋಡಲು ಅವರು ಬಗ್ಗಬೇಕು. ಸ್ಟೂಲಿನ ಮೇಲೋ ಗಾಲಿಕುರ್ಚಿಯಲ್ಲೋ ಕೂತವರ ಕಣ್ಣಿಗೆ ಈ ಪಟ್ಟಿಕೆಗಳು ನೇರ. ಆನೆಗಳ ಸಾಲನ್ನು ನಿಧಾನವಾಗಿ ನೋಡಿ. ಒಂದು ಸೊಂಡಿಲನ್ನು ಮುಂದಿನದರ ಬಾಲದ ಕಡೆಗೆ ಚಾಚಿದೆ, ಒಂದು ತಲೆ ತಗ್ಗಿಸಿದೆ, ಒಂದರ ಮೇಲೆ ಕೂತವನು ಹಿಂದಕ್ಕೆ ತಿರುಗಿದ್ದಾನೆ. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರಲ್ಲ, ಅದು ಎಷ್ಟು ನಿಜ ಎಂಬುದು ಹೀಗೆ ಕೂತಾಗಲೇ ಮನಸ್ಸಿಗೆ ಬರುವುದು. ಬೇಲೂರಿನ ಮದನಿಕೆಯರು ಮಾತ್ರ ಸೂರಿನ ಕೆಳಗೆ ಬಲು ಎತ್ತರದಲ್ಲಿದ್ದಾರೆ. ಅವರನ್ನು ನೋಡಲು ಒಂದು ಚಿಕ್ಕ ಬೈನಾಕ್ಯುಲರ್ ಜೊತೆಗಿರಲಿ. ಕತ್ತು ಎತ್ತಿದರೆ ತಲೆ ಸುತ್ತುವವರು ಒಂದು ಹತ್ತು ಅಡಿ ಹಿಂದೆ ಕೂತೇ ನೋಡಬಹುದು.

ಜಗತಿಗೆ ಇಳಿಜಾರು ದಾರಿ, ಅಂದರೆ ರ್‍ಯಾಂಪ್ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಹುದು. ಆದರೆ ಅದರ ಲೆಕ್ಕ ತಿಳಿದು ಹಾಕಬೇಕು. ಗಾಲಿಕುರ್ಚಿಗೆ ಸುರಕ್ಷಿತವಾದ ಇಳಿಜಾರು ಒಂದಕ್ಕೆ ಹನ್ನೆರಡು, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಅಡಿಯ ಜಗತಿಗೆ ಮೂವತ್ತಾರು ಅಡಿ ಉದ್ದದ ಹಲಗೆ ಬೇಕು, ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಸಮತಟ್ಟು ಜಾಗವಿದ್ದರೆ ಇನ್ನೂ ಒಳ್ಳೆಯದು. ಜಾಗ ಉಳಿಸಲೆಂದು ಹತ್ತೇ ಅಡಿಯಲ್ಲಿ ಮುಗಿಸಿದ ರ್‍ಯಾಂಪನ್ನು ನಾನು ಸಾರ್ವಜನಿಕ ಕಟ್ಟಡಗಳಲ್ಲಿ ಕಂಡಿದ್ದೇನೆ. ಅದರ ಮೇಲೆ ಕುರ್ಚಿ ತಳ್ಳಲು ಇಬ್ಬರು ಬೇಕು, ಇಳಿಸುವಾಗ ಮೂವರು. ಮತ್ತೆ, ಎಂಟುನೂರು ವರ್ಷ ಹಳೆಯ ಕಲ್ಲಿಗೆ ಮೊಳೆ ಹೊಡೆಯುವಂತಿಲ್ಲ, ಸಿಮೆಂಟು ಮೆತ್ತುವಂತಿಲ್ಲ. ಅದು ಸರಿಯೇ. ಇತಿಹಾಸ ಓದಿದವಳಾಗಿ ನಾನು ಆ ಕಲ್ಲಿನ ಪರವಾಗಿಯೂ ಮಾತಾಡುತ್ತೇನೆ. ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟಕ್ಕೆ 2020ರಲ್ಲಿ ಹೊಸ ಲಿಫ್ಟ್ ಬಂದಾಗ ಗಾಲಿಕುರ್ಚಿಯವರು ಸಂತೋಷಪಟ್ಟರು. ಜೊತೆಗೇ ಮೇಲೆ ಹಾಸಿದ ಕಾಂಕ್ರೀಟ್ ದಾರಿಯ ಬಗ್ಗೆ ಪುರಾತತ್ತ್ವ ಬಲ್ಲವರಿಂದ ದೊಡ್ಡ ಆಕ್ಷೇಪ ಬಂತು. ಎರಡೂ ಕಡೆಯ ಮಾತಿಗೂ ಬೆಲೆಯಿದೆ. ಕಲ್ಲಿಗೆ ತಾಗದಂತೆ ಮರದ್ದೋ ಲೋಹದ್ದೋ ಚೌಕಟ್ಟು ನಿಲ್ಲಿಸಿ, ಬೇಡವೆನಿಸಿದ ದಿನ ಎತ್ತಿಡಬಹುದಾದ ಇಳಿಜಾರು ಮಾಡುವುದು ಅಸಾಧ್ಯವೇನಲ್ಲ.

ಶ್ರವಣಬೆಳಗೊಳದ ಮಾತಿಗೆ ಬರುತ್ತೇನೆ. ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದವು. ಪಾದರಕ್ಷೆ ಕೆಳಗೇ ಬಿಡಬೇಕು. ಹತ್ತು ಗಂಟೆ ಕಳೆದರೆ ಬಂಡೆ ಸುಡುತ್ತದೆ, ಕಾಲುಚೀಲ ಹಾಕಿಕೊಂಡು ಹತ್ತುವವರೇ ಹೆಚ್ಚು. ಹಿಡಿದುಕೊಳ್ಳಲು ಕಂಬಿ ಇದೆ. ಹತ್ತಲಾರದವರಿಗೆ ಡೋಲಿ ಇದೆ.

ಡೋಲಿಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮನುಷ್ಯರ ಹೆಗಲ ಮೇಲೆ ಕೂತು ಹೋಗುವುದು ಸರಿಯೇ ಎಂಬ ಸಂಕೋಚ ಅನೇಕರಿಗಿದೆ, ನನಗೂ ಇತ್ತು. ಆದರೆ ಹೊರುವವರಿಗೆ ಅದು ಸಂಪಾದನೆ, ಕಲಿತ ಕೆಲಸ. ಹೊರಡುವ ಮುಂಚೆ ಅವರಲ್ಲಿ ಹಿರಿಯರೊಬ್ಬರು ನನಗೆ ಹೇಳಿದರು, "ಅಮ್ಮ, ಹಿಂದಕ್ಕೆ ಒರಗಿ ಕೂತ್ಕೊಳ್ಳಿ. ಮುಂದಕ್ಕೆ ಬಗ್ಗಬೇಡಿ, ಕೈ ಹೊರಗೆ ಹಾಕಬೇಡಿ. ಹೆದರಿಕೆ ಆದ್ರೆ ಹೇಳಿ, ಇಳಿಸ್ತೀವಿ." ಆಮೇಲೆ ಅವರು ಮೇಲೆ ಹೋಗುವವರೆಗೆ ಮಾತಾಡಲಿಲ್ಲ, ಉಸಿರನ್ನು ಹೆಜ್ಜೆಗೆ ಸರಿಹೊಂದಿಸಿಕೊಂಡು ನಡೆದರು. ಹೆಗಲು ಬದಲಿಸುವಾಗ ಮಾತ್ರ ಒಂದು ಸಣ್ಣ ಸದ್ದು, ನಾಲ್ಕು ಜನರೂ ಒಟ್ಟಿಗೆ ತಿರುಗುವರು, ಕುರ್ಚಿ ಅಲುಗುವುದಿಲ್ಲ. ಡೋಲಿ ಹತ್ತುವವರು ದರವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ಆದರೆ ಚೌಕಾಸಿ ಮಾಡಬೇಡಿ. ನಡುವೆ ಅವರು ನಿಲ್ಲಿಸಿದಲ್ಲಿ ಸಮಾಧಾನವಾಗಿ ನಿಲ್ಲಿ. ಮೇಲೆ, ಚಾವುಂಡರಾಯ ಸುಮಾರು ಕ್ರಿ.ಶ. 981ರಲ್ಲಿ ಮಾಡಿಸಿದ ಐವತ್ತೇಳು ಐವತ್ತೆಂಟು ಅಡಿಯ ಆ ಗೊಮ್ಮಟನ ಮುಂದೆ ಎಲ್ಲರೂ ಮುಖ ನೋಡಲು ಕತ್ತೆತ್ತುತ್ತಾರೆ. ಕೆಳಗೆ ಪಾದದ ಪಕ್ಕದ ಬರಹಗಳನ್ನೂ ನೋಡಿ. ಮೂರ್ತಿಯನ್ನು ಚಾವುಂಡರಾಯ ಮಾಡಿಸಿದನೆಂಬ ಮಾತು ಅಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಮರಾಠಿಯಲ್ಲೂ ಇದೆ.

ಡೋಲಿಯೂ ಬೇಡ, ಬೆಟ್ಟವೂ ಆಗದು ಎನ್ನುವವರು ಶ್ರವಣಬೆಳಗೊಳಕ್ಕೆ ಹೋಗಿ ಬರಿಗೈಯಲ್ಲಿ ಬರಬೇಕಿಲ್ಲ. ಊರೊಳಗೆ, ಸಮನಾದ ನೆಲದಲ್ಲಿ, ಅಕ್ಕನ ಬಸದಿ ಇದೆ. 1181ರಲ್ಲಿ ಆಚಿಯಕ್ಕ ಎಂಬ ಹೆಣ್ಣುಮಗಳು ಕಟ್ಟಿಸಿದ್ದು. ಆಕೆಯ ಗಂಡ ಚಂದ್ರಮೌಳಿ, ಇಮ್ಮಡಿ ವೀರಬಲ್ಲಾಳನ ಮಂತ್ರಿ, ಶೈವ ಬ್ರಾಹ್ಮಣ. ಹೆಂಡತಿ ಜೈನಳು, ಅವಳು ಬಸದಿ ಕಟ್ಟಿಸಿದಳು, ಅದರ ಖರ್ಚಿಗೆ ಗಂಡನೇ ರಾಜನಿಂದ ಹಳ್ಳಿಯೊಂದನ್ನು ದಾನವಾಗಿ ಕೇಳಿ ಕೊಡಿಸಿದನು. ಹತ್ತಿರದಲ್ಲೇ ಹುಳ್ಳ ಎಂಬ ಭಂಡಾರಿ 1159ರಲ್ಲಿ ಕಟ್ಟಿಸಿದ ಭಂಡಾರ ಬಸದಿ, ಗರ್ಭಗುಡಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಮಠದ ಗೋಡೆಯ ಚಿತ್ರಗಳಿವೆ, ನಡುವೆ ಕಲ್ಯಾಣಿ ಇದೆ. ಬೆಟ್ಟ ಹತ್ತಿದವರಲ್ಲಿ ಹೆಚ್ಚಿನವರು ಇವನ್ನು ನೋಡದೆ ಬಸ್ಸು ಹಿಡಿಯುತ್ತಾರೆ.

ವಿಜಯಪುರದ ಗೋಲಗುಮ್ಮಟದಲ್ಲಿ ನಷ್ಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿದರಷ್ಟೇ ಪಿಸುಮಾತಿನ ಗ್ಯಾಲರಿ. ಮಂಡಿ ಸವೆದವರಿಗೆ ಅದು ಆಗದ ಮಾತು, ಅಲ್ಲಿ ಡೋಲಿಯೂ ಹೋಗದು. ಆದರೆ ಆ ಕಟ್ಟಡದ ನಿಜವಾದ ಸಾಹಸ ಕೆಳಗೆ ನಿಂತವರಿಗೇ ಕಾಣುವುದು. ಸುಮಾರು 135 ಅಡಿ ಚೌಕದ ಒಂದೇ ಕೋಣೆ, ನಡುವೆ ಒಂದು ಕಂಬವಿಲ್ಲ. ಚೌಕವಾದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಕೂರಿಸಬೇಕು. ಅದಕ್ಕೆ ಕಮಾನುಗಳನ್ನು ಒಂದರೊಳಗೊಂದು ಹಾದುಹೋಗುವಂತೆ ಹೆಣೆದು ಚೌಕವನ್ನು ಎಂಟು ಮೂಲೆಯಾಗಿಸಿ, ಅಲ್ಲಿಂದ ವೃತ್ತಕ್ಕೆ ತಂದಿದ್ದಾರೆ. ಮಹಮ್ಮದ್ ಆದಿಲ್‌ಷಾನ ಗೋರಿಯ ಕಟ್ಟೆಯ ಹತ್ತಿರ ಕೂತು ಮೇಲೆ ನೋಡುತ್ತಾ ಆ ಕಮಾನುಗಳ ಗೆರೆಯನ್ನು ಕಣ್ಣಲ್ಲೇ ಹಿಂಬಾಲಿಸಿ. ಆಮೇಲೆ ಟಾಂಗಾದಲ್ಲೋ ಆಟೋದಲ್ಲೋ ಇಬ್ರಾಹಿಂ ರೋಜಾಕ್ಕೆ ಹೋಗಿ. ಹತ್ತದೆ ನೋಡುವ ಜಾಗಗಳು ಬೇರೆಡೆಯೂ ಇವೆ. ಬೀದರ್ ಕೋಟೆಯೊಳಕ್ಕೆ ವಾಹನವೇ ಹೋಗುತ್ತದೆ, 1472ರ ಮಹಮೂದ್ ಗವಾನನ ಮದರಸಾದ ನೀಲಿ ಹೆಂಚಿನ ಮಿನಾರು ರಸ್ತೆಗೇ ಕಾಣುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಭಿತ್ತಿಚಿತ್ರಗಳು ಜಗಲಿಯ ಗೋಡೆಯ ಮೇಲೆ, ಕಣ್ಣಳತೆಯಲ್ಲಿ.

ಹಂಪಿಯ ಬಗ್ಗೆ ಒಂದು ಎಚ್ಚರಿಕೆ. ಒಂದೇ ದಿನದಲ್ಲಿ ಮುಗಿಸುತ್ತೇವೆ ಎಂದು ಹೊರಡಬೇಡಿ. ನಡೆಯಬಲ್ಲವರಿಗೇ ಅದು ಆಗುವುದಿಲ್ಲ. ಹಂಪಿಯ ಬಜಾರಿನಿಂದ ಹೊಳೆಯ ದಡ ಹಿಡಿದು ವಿಠ್ಠಲ ದೇವಾಲಯಕ್ಕೆ ಹೋಗುವ ಕಾಲುದಾರಿ ಸುಂದರ, ಆದರೆ ಬಂಡೆ, ಮೆಟ್ಟಿಲು. ನಾವು ಕಮಲಾಪುರದ ಕಡೆಯಿಂದ ರಸ್ತೆಯಲ್ಲಿ ಹೋಗಬೇಕು. ವಾಹನ ನಿಲ್ಲಿಸುವ ಜಾಗದಿಂದ ದೇವಾಲಯದವರೆಗೆ ಬ್ಯಾಟರಿ ಗಾಡಿಗಳಿವೆ, ಹೆಣ್ಣುಮಕ್ಕಳು ಓಡಿಸುತ್ತಾರೆ. ಕಲ್ಲಿನ ರಥ ಅಂಗಳದಲ್ಲೇ ಇದೆ. ಹಾಸುಗಲ್ಲುಗಳು ಏರುತಗ್ಗಾಗಿರುವುದರಿಂದ ಕೋಲಿನ ತುದಿಯ ರಬ್ಬರು ಸವೆದಿಲ್ಲವೇ ಎಂದು ಹೊರಡುವ ಮುಂಚೆಯೇ ನೋಡಿಕೊಳ್ಳಿ. ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ಉಗ್ರನರಸಿಂಹ, ಪಕ್ಕದ ಬಡವಿಲಿಂಗ ರಸ್ತೆಗೆ ಹತ್ತಿರ. ಕಮಲ ಮಹಲು, ಆನೆ ಲಾಯದ ಆವರಣ ಸಮತಟ್ಟು. ಎಲ್ಲಕ್ಕಿಂತ ಮೊದಲು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿಯ ಒಳಾಂಗಣದಲ್ಲಿ ಇಡೀ ಹಂಪಿಯ ಮಾದರಿ ಇದೆ, ಬೆಟ್ಟ, ಹೊಳೆ, ಕೋಟೆ, ಗುಡಿ ಸಮೇತ. ಮಾತಂಗ ಬೆಟ್ಟದ ಮೇಲಿನಿಂದ ಸಿಗುವ ನೋಟವನ್ನು ಅದು ಕೊಡಲಾರದು. ಆದರೆ ಊರು ಹೇಗೆ ಹರಡಿತ್ತು ಎಂಬುದನ್ನು ಅಲ್ಲಿ ಅರ್ಥ ಮಾಡಿಕೊಂಡು, ನಿಮ್ಮ ಕಾಲಿಗೆ ಒಗ್ಗುವ ನಾಲ್ಕು ಜಾಗ ಆರಿಸಿಕೊಳ್ಳಬಹುದು.

ಇನ್ನು ನಾನು ಕೇಳಬೇಕಾದದ್ದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರಂತೆ ಪಾಲು ಪಡೆಯುವುದು ಅದರಲ್ಲಿ ಹಕ್ಕಾಗಿಯೇ ಇದೆ. ಅದಕ್ಕೂ ಮೊದಲು, 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ ಶುರುವಾಯಿತು. ಕೆಲವು ಸ್ಮಾರಕಗಳಲ್ಲಿ ರ್‍ಯಾಂಪು, ಗಾಲಿಕುರ್ಚಿ, ಅನುಕೂಲವಾದ ಶೌಚಾಲಯ ಬಂದಿವೆ. ಬಂದಲ್ಲಿ ನಾನು ಕೃತಜ್ಞತೆಯಿಂದ ಬಳಸಿದ್ದೇನೆ. ಆದರೆ ಪ್ರಮಾಣಪತ್ರವಿಲ್ಲದ, ಗಾಲಿಕುರ್ಚಿಯನ್ನೂ ಬಳಸದ, ಸುಮ್ಮನೆ ಹೆಚ್ಚು ನಡೆಯಲಾಗದ ಲಕ್ಷಾಂತರ ಜನರಿದ್ದಾರೆ. ಪ್ರತಿಮನೆಯಲ್ಲೂ ಒಬ್ಬರಿದ್ದಾರೆ ಎಂದರೂ ನಡೆದೀತು. ಅವರಿಗೆ ಮೊದಲು ಬೇಕಾಗಿರುವುದು ಖರ್ಚಿಲ್ಲದ ಒಂದು ವಸ್ತು, ಅದು ಮಾಹಿತಿ. ಪ್ರತಿ ಸ್ಮಾರಕದ ಹೊರಗೆ, ಟಿಕೆಟ್ ದರದ ಪಕ್ಕದಲ್ಲೇ, ಇಷ್ಟನ್ನು ಬರೆಯಬೇಕು. ಗೇಟಿನಿಂದ ಗುಡಿಗೆ ಎಷ್ಟು ಮೀಟರ್, ಒಟ್ಟು ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ, ಚಪ್ಪಲಿ ಎಲ್ಲಿ ಬಿಡಬೇಕು, ಕೂರಲು ಎಲ್ಲೆಲ್ಲಿ ಜಾಗ, ಶೌಚಾಲಯ ಎಲ್ಲಿ. ಮೆಟ್ಟಿಲು ನಲವತ್ತು ಎಂದು ತಿಳಿದರೆ ನಾನು ಧೈರ್ಯ ಮಾಡುತ್ತೇನೆ. "ಸ್ವಲ್ಪ ಇದೆ, ಹತ್ತಬಹುದು" ಎಂಬ ಉತ್ತರ ಕೇಳಿದರೆ ಕೆಳಗೇ ಉಳಿಯುತ್ತೇನೆ. ಚಪ್ಪಲಿ ಬಿಡುವ ಕಡೆ ಒಂದು ಕುರ್ಚಿ ಇಡಿ ಎಂದೂ ಬೇಡುತ್ತೇನೆ. ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಬಿಚ್ಚುವುದು ಎಷ್ಟು ಕಷ್ಟವೆಂದು ಮಂಡಿನೋವಿನವರನ್ನು ಕೇಳಿ.

ಮನೆಯವರಿಗೂ ಒಂದು ಮಾತು. ಹೊರಡುವ ಮುಂಚೆ ಹಿರಿಯರನ್ನೇ ಕೇಳಿ, "ಅಮ್ಮ, ನಿನಗೆ ಏನು ನೋಡಬೇಕು?" ಅವರ ಒಂದು ಜಾಗವನ್ನು ದಿನದ ಮೊದಲಿಗೆ ಇಟ್ಟುಕೊಳ್ಳಿ, ಬಿಸಿಲೇರುವ ಮುಂಚೆ, ಕಾಲಿಗೆ ಶಕ್ತಿ ಇರುವಾಗ. ಉಳಿದ ಓಡಾಟ ಆಮೇಲೆ ನಿಮ್ಮದಾಗಲಿ.

ಬಹಳ ದಿನದ ಮೇಲೆ ಧೈರ್ಯ ಮಾಡಿ ಹೊರಡುವವರು ಎಲ್ಲಿಗೆ ಹೋಗಬೇಕೆಂದು ನನ್ನನ್ನು ಕೇಳಿದರೆ ಪಟ್ಟದಕಲ್ಲು ಎನ್ನುತ್ತೇನೆ. ಬಾದಾಮಿಯಿಂದ ಇಪ್ಪತ್ತು ಇಪ್ಪತ್ತೆರಡು ಕಿಲೊಮೀಟರ್. ಹೆಚ್ಚಿನ ಗುಡಿಗಳು ಒಂದೇ ಬಯಲಿನಲ್ಲಿ, ಮಲಪ್ರಭೆಯ ಪಕ್ಕದಲ್ಲಿವೆ. ನಡುವೆ ಹಾಸಿದ ದಾರಿ ಇದೆ. ಉತ್ತರದ ರೇಖಾನಾಗರ ಶಿಖರವೂ ದಕ್ಷಿಣದ ದ್ರಾವಿಡ ಶಿಖರವೂ ಅಕ್ಕಪಕ್ಕದಲ್ಲಿರುವ ಜಾಗ ಅದು. ಒಂದು ಬಾಗುತ್ತಾ ಮೇಲೇರಿ ಕೂಡುತ್ತದೆ, ಇನ್ನೊಂದು ಅಂತಸ್ತು ಅಂತಸ್ತಾಗಿ ಏರುತ್ತದೆ. ಆ ವ್ಯತ್ಯಾಸ ಹತ್ತಿರ ಹೋದವರಿಗೆ ಕಾಣದು, ದೂರ ಕೂತವರಿಗೆ ಕಾಣುತ್ತದೆ. ಅದನ್ನು ನೋಡಿಕೊಂಡ ಮೇಲೆ, ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಹತ್ತಿರ ಹೋಗಿ. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳಿವೆ. ಒಳಗೆ ಹೋಗಲು ಕೆಲವು ಮೆಟ್ಟಿಲಿವೆ, ಒಬ್ಬರ ಕೈ ಹಿಡಿದರೆ ಸಾಕು. ಬೆಳಗ್ಗೆ ಬೇಗ ಹೋಗಿ, ಕಾಲುಚೀಲ, ನೀರು, ಮಡಚುವ ಸ್ಟೂಲು ಜೊತೆಗಿರಲಿ.